ಏಷ್ಯಾದ ಕ್ಲಬ್ ಟೂರ್ನಿಗೆ ವೇಳಾಪಟ್ಟಿಯಲ್ಲಿ ಮೊದಲ ಜಾಗ ಸಿಗಲಿ

ಮಾನ್ಯ ಸಂಪಾದಕರೇ,

ಭಾರತದ ಕ್ಲಬ್‌ಗಳು ಏಷ್ಯಾ ಮಟ್ಟದ ಟೂರ್ನಿಗಳಿಗೆ ಹೋಗುವುದು ಬರಿಯ ಖರ್ಚಿನ ಬಾಬ್ತು, ಮೊದಲು ಒಳಗಿನ ಲೀಗ್ ನೆಟ್ಟಗಾಗಲಿ ಎನ್ನುವವರು ನನ್ನ ಫುಟ್‌ಬಾಲ್ ಗೆಳೆಯರಲ್ಲೇ ಹಲವರಿದ್ದಾರೆ. ಅವರ ಬೇಸರಕ್ಕೆ ಕಾರಣವಿಲ್ಲದಿಲ್ಲ. ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಶುರುವಾಗುವ ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್), 2025-26ರ ಸಾಲಿನಲ್ಲಿ ವಾಣಿಜ್ಯ ಹಕ್ಕುಗಳ ಒಪ್ಪಂದದ ಗೊಂದಲದಿಂದಾಗಿ ಫೆಬ್ರುವರಿಯವರೆಗೆ ತಡವಾಗಿ, ಕೊನೆಗೆ ತಂಡಗಳು ಪರಸ್ಪರ ಒಮ್ಮೆ ಮಾತ್ರ ಆಡುವ ಒಂದೇ ಸುತ್ತಿಗೆ ಇಳಿಯಿತು. ಆದರೂ ಈ ವಾದವನ್ನು ನಾನು ಒಪ್ಪಲಾರೆ. ಈ ನವೆಂಬರ್ 5ಕ್ಕೆ ಬೆಂಗಳೂರು ಎಫ್‌ಸಿ ತಂಡ ಏಷ್ಯಾದ ಕ್ಲಬ್‌ಗಳ ಟೂರ್ನಿಯಾಗಿದ್ದ ಎಎಫ್‌ಸಿ ಕಪ್‌ನ ಫೈನಲ್ ಆಡಿ ಹತ್ತು ವರ್ಷ ತುಂಬುತ್ತದೆ. ಆ ಓಟವನ್ನು ಕಣ್ಣಾರೆ ಕಂಡವನಾಗಿ ಕೆಲವು ಮಾತು ಬರೆಯುತ್ತಿದ್ದೇನೆ.

2016ರ ಅಕ್ಟೋಬರ್ 19ರ ಸಂಜೆ ನಾನು ಕಂಠೀರವ ಕ್ರೀಡಾಂಗಣದ ಗ್ಯಾಲರಿಯಲ್ಲಿದ್ದೆ. ಎದುರಾಳಿ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್, ಹಿಂದಿನ ವರ್ಷದ ಚಾಂಪಿಯನ್. ಜೊಹೊರ್‌ನಲ್ಲಿ ನಡೆದ ಸೆಮಿಫೈನಲ್‌ನ ಮೊದಲ ಪಂದ್ಯ 1-1ರಲ್ಲಿ ಮುಗಿದಿತ್ತು. ಇಲ್ಲಿ ಹನ್ನೊಂದನೇ ನಿಮಿಷದಲ್ಲೇ ಸಫೀಕ್ ರಹೀಂ ಗೋಲು ಹೊಡೆದಾಗ ಗ್ಯಾಲರಿ ಒಮ್ಮೆಲೇ ಸ್ತಬ್ಧವಾಯಿತು. ವಿರಾಮಕ್ಕೆ ಮುನ್ನ ಸುನಿಲ್ ಚೆಟ್ರಿ ಸಮ ಮಾಡಿದರು, ಆಮೇಲೆ ಇನ್ನೊಂದು ಹೊಡೆದರು, ಮೂರನೆಯದನ್ನು ಸ್ಪೇನ್‌ನ ಡಿಫೆಂಡರ್ ಹುವಾನನ್ ಸೇರಿಸಿದರು. ಎರಡೂ ಪಂದ್ಯಗಳ ಒಟ್ಟು ಲೆಕ್ಕದಲ್ಲಿ 4-2. ಅದಕ್ಕೂ ಮೊದಲು 2008ರಲ್ಲಿ ಗೋವಾದ ಡೆಂಪೊ, 2013ರಲ್ಲಿ ಈಸ್ಟ್ ಬೆಂಗಾಲ್ ಸೆಮಿಫೈನಲ್‌ನಲ್ಲೇ ನಿಂತಿದ್ದವು. ಆ ಗೆರೆಯನ್ನು ದಾಟಿದ ಮೊದಲ ಭಾರತೀಯ ಕ್ಲಬ್, ಹುಟ್ಟಿ ಕೇವಲ ಮೂರು ವರ್ಷವಾಗಿದ್ದ ನಮ್ಮೂರಿನ ತಂಡ.

ಇದನ್ನು ಅದೃಷ್ಟವೆಂದು ತಳ್ಳಿಹಾಕುವವರು ಮುಂದಿನ ಎರಡು ವರ್ಷಗಳನ್ನೂ ನೋಡಬೇಕು. 2016ರಲ್ಲಿ ಕತಾರ್‌ನ ದೋಹಾದಲ್ಲಿ ನಡೆದ ಫೈನಲ್‌ನಲ್ಲಿ, ಮೊದಲ ಆಯ್ಕೆಯ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಅಮಾನತಿನಿಂದ ಹೊರಗುಳಿದಿದ್ದಾಗ, ಕೋಚ್ ಆಲ್ಬರ್ಟ್ ರೋಕಾ ಅವರ ತಂಡ ಇರಾಕ್‌ನ ವಾಯುಪಡೆ ಕ್ಲಬ್ಬಿಗೆ ಸೋತದ್ದು ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲಿನಿಂದ. 2017ರಲ್ಲಿ ತಜಿಕಿಸ್ತಾನದ ಇಸ್ತಿಕ್ಲೋಲ್, 2018ರಲ್ಲಿ ತುರ್ಕ್ಮೆನಿಸ್ತಾನದ ಆಲ್ತಿನ್ ಅಸೀರ್ ಬೆಂಗಳೂರನ್ನು ಹೊರಹಾಕಿದವು; ಆ ಎರಡೂ ಆಯಾ ವರ್ಷ ಫೈನಲ್ ಆಡಿದವು. ಮೂರು ವರ್ಷವೂ ನಮ್ಮ ತಂಡ ಮಣಿದದ್ದು ಚಾಂಪಿಯನ್ನರಿಗೆ ಇಲ್ಲವೇ ರನ್ನರ್ ಅಪ್‌ಗೆ. ಪ್ರತಿ ವರ್ಷ ಹೊರಗಿನ ತಂಡಗಳ ವೇಗಕ್ಕೆ, ಅಪರಿಚಿತ ಅಂಗಳಕ್ಕೆ, ದೂರದ ಪ್ರಯಾಣಕ್ಕೆ ಒಡ್ಡಿಕೊಂಡದ್ದರಿಂದ ಬಂದ ಪಳಗುವಿಕೆ ಇದು. ಒಳಗಿನ ಲೀಗ್ ಎಷ್ಟೇ ನೆಟ್ಟಗಾದರೂ ತಾನೊಂದೇ ಇದನ್ನು ಕೊಡಲಾರದು.

ಆ ಇರಾಕಿ ಕ್ಲಬ್ಬಿನ ಕಥೆಯನ್ನೂ ಇಲ್ಲಿ ಹೇಳಲೇಬೇಕು. ಭದ್ರತೆಯ ಕಾರಣಕ್ಕೆ ಸ್ವದೇಶದಲ್ಲಿ ಅಂತರರಾಷ್ಟ್ರೀಯ ಪಂದ್ಯ ಆಡುವ ಅವಕಾಶವೇ ಇಲ್ಲದಿದ್ದಾಗ ಅವರು ದೋಹಾವನ್ನೇ ತವರು ಮಾಡಿಕೊಂಡು ಆಡಿ ಗೆದ್ದರು. 2017ರಲ್ಲೂ ಗೆದ್ದರು. 2018ರಲ್ಲಿ ಸತತ ಮೂರನೇ ಬಾರಿ ಕಪ್ ಎತ್ತಿದ್ದು ತಮ್ಮದೇ ನೆಲದ ಬಸ್ರಾದಲ್ಲಿ. ಇದಕ್ಕೆ ಎದುರಾಗಿ ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್ಬಿನ ಎರಡು ಪ್ರಸಂಗಗಳನ್ನಿಟ್ಟು ನೋಡಿದರೆ ಬೇಸರವಾಗುತ್ತದೆ. ಏಷ್ಯಾದ ಎರಡನೇ ಹಂತದ ಕ್ಲಬ್ ಟೂರ್ನಿಯಾದ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಟುನಲ್ಲಿ ಅದು 2024ರ ಅಕ್ಟೋಬರ್‌ನಲ್ಲಿ ಇರಾನ್‌ನ ಟ್ರ್ಯಾಕ್ಟರ್ ಕ್ಲಬ್ ವಿರುದ್ಧ ಆಡಲು ತಬ್ರೀಜ್‌ಗೆ ಹೋಗಲಿಲ್ಲ, 2025ರ ಸೆಪ್ಟೆಂಬರ್‌ನಲ್ಲಿ ಅದೇ ದೇಶದ ಸೆಪಹಾನ್ ವಿರುದ್ಧ ಆಡಲು ಇಸ್ಫಹಾನ್‌ಗೂ ಹೋಗಲಿಲ್ಲ. ಎರಡೂ ಸಲ ತಂಡ ಟೂರ್ನಿಯಿಂದಲೇ ಹಿಂದೆ ಸರಿದಂತೆ ಎಂದು ಏಷ್ಯಾ ಫುಟ್‌ಬಾಲ್ ಒಕ್ಕೂಟ (ಎಎಫ್‌ಸಿ) ಪರಿಗಣಿಸಿತು. ಇರಾನ್‌ನ ಪರಿಸ್ಥಿತಿಗೆ ಅಂಜಿದ ಆಟಗಾರರನ್ನು ನಾನು ದೂರುವುದಿಲ್ಲ. ಜೀವದ ಭಯವನ್ನು ಗ್ಯಾಲರಿಯಲ್ಲಿ ಕೂತವನು ಅಳೆಯಬಾರದು. ಆದರೆ ಇರಾನಿನ ತಂಡವೊಂದು ಗುಂಪಿನಲ್ಲಿರಬಹುದೆಂಬುದು ಎರಡನೇ ವರ್ಷಕ್ಕೆ ಅನಿರೀಕ್ಷಿತವೇನೂ ಆಗಿರಲಿಲ್ಲ. ಸೋತರೆ ಅಂಕ ಹೋಗುತ್ತದೆ, ಅಷ್ಟೆ. ಸರಿದು ನಿಂತರೆ ಆಡಿದ ಪಂದ್ಯಗಳೂ ಲೆಕ್ಕದಿಂದ ಅಳಿಸಿಹೋಗುತ್ತವೆ. ಏಷ್ಯಾದ ಟೂರ್ನಿಗಳಲ್ಲಿ ಯಾವ ದೇಶಕ್ಕೆ ಎಷ್ಟು ಜಾಗ ಎಂಬುದು ಅಲ್ಲಿನ ಕ್ಲಬ್‌ಗಳು ವರ್ಷವರ್ಷ ಗಳಿಸುವ ಅಂಕಗಳ ಮೇಲೆಯೇ ನಿಂತಿರುವುದರಿಂದ, ಈ ನಷ್ಟವನ್ನು ಕೋಲ್ಕತ್ತದ ಒಂದು ಕ್ಲಬ್ ಮಾತ್ರ ತುಂಬುವುದಿಲ್ಲ, ಬೆಂಗಳೂರೂ ಗೋವಾವೂ ತುಂಬಬೇಕಾಗುತ್ತದೆ.

ಆದ್ದರಿಂದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೆ ನನ್ನ ಮನವಿ ಇಷ್ಟೇ: ಏಷ್ಯಾದ ಪಂದ್ಯಗಳ ದಿನಾಂಕಗಳನ್ನು ಮೊದಲು ಗುರುತು ಹಾಕಿಕೊಂಡು, ಉಳಿದ ಜಾಗದಲ್ಲಿ ಲೀಗ್ ಹೊಂದಿಸಬೇಕು. 2016ರಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಐಎಸ್ಎಲ್‌ಗಿಂತ ಬೇರೆಯದೇ ಆದ ಐಲೀಗ್ ಟೂರ್ನಿ ಗೆದ್ದ ಬೆಂಗಳೂರು ಏಷ್ಯಾದಲ್ಲಿ ಸೆಮಿಫೈನಲ್ ಆಡುತ್ತಿದ್ದ ಹೊತ್ತಿಗೇ ಐಎಸ್ಎಲ್ ಶುರುವಾಗಿತ್ತು. ಬೆಂಗಳೂರು ಆಗಿನ್ನೂ ಐಎಸ್ಎಲ್‌ನಲ್ಲಿ ಇರಲಿಲ್ಲವಾದ್ದರಿಂದ, ಚೆಟ್ರಿ ದೋಹಾದ ಫೈನಲ್ ಮುಗಿಸಿಕೊಂಡು ಅದರಲ್ಲಿ ಆಡಲು ಮುಂಬೈ ತಂಡವನ್ನು ಸೇರಬೇಕಾಯಿತು.

ರಾಜ್ಯ ಸರ್ಕಾರಕ್ಕೂ ಒಂದು ಮಾತು. ಕಂಠೀರವ ಮೂಲತಃ ಅಥ್ಲೆಟಿಕ್ಸ್ ಕ್ರೀಡಾಂಗಣ. ಅಭ್ಯಾಸಕ್ಕೆ ಟ್ರ್ಯಾಕ್ ಸಿಗುತ್ತಿಲ್ಲವೆಂಬ ಅಥ್ಲೀಟ್‌ಗಳ ದೂರು ಹೈಕೋರ್ಟ್ ಮೆಟ್ಟಿಲನ್ನೂ ಏರಿತ್ತು, ಆ ದೂರಿನಲ್ಲಿ ನ್ಯಾಯವೂ ಇತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಅವರ ಊರಿನಲ್ಲಿ, 2023ರಲ್ಲಿ ರಿಯಾದ್‌ನಿಂದ ಸಂತೋಷ್ ಟ್ರೋಫಿ ತಂದ ರಾಜ್ಯದ ರಾಜಧಾನಿಯಲ್ಲಿ, ಏಷ್ಯಾ ಒಕ್ಕೂಟದ ನಿಯಮಗಳಿಗೆ ಹೊಂದುವ ಹುಲ್ಲು, ದೀಪ, ಡ್ರೆಸ್ಸಿಂಗ್ ರೂಮ್‌ಗಳಿರುವ ಫುಟ್‌ಬಾಲ್‌ಗೇ ಮೀಸಲಾದ ಅಂಗಳವೊಂದು ಆದರೆ, ಓಡುವವರೂ ಒದೆಯುವವರೂ ಜಗಳವಾಡುವ ಪ್ರಮೇಯವೇ ಬರುವುದಿಲ್ಲ.

ಕೊನೆಯದಾಗಿ, ಯುರೋಪಿನ ಚಾಂಪಿಯನ್ಸ್ ಲೀಗ್ ಅಂಕಪಟ್ಟಿಗೆ ತಮ್ಮ ಕ್ರೀಡಾಪುಟದಲ್ಲಿ ಸಿಗುವ ಜಾಗದ ಕಾಲುಭಾಗವನ್ನಾದರೂ ಏಷ್ಯಾದ ಕ್ಲಬ್ ಟೂರ್ನಿಗಳಿಗೆ, ಪಂದ್ಯದ ದಿನ ಮತ್ತು ಸಮಯದ ಸಹಿತ, ನೀಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಹಲಸೂರಿನ ಓದುಗ, ಬೆಂಗಳೂರು