ಹಾರ್ಡ್ ಡಿಸ್ಕ್ ಪಾರ್ಟಿಷನ್ ಕೆಲಸಕ್ಕೆ ಜೂನ್ 1ರಿಂದ ಹೊಸ ಕ್ರಮ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರಗಳು. ಕಂಪ್ಯೂಟರ್ ಮತ್ತು ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕ್‌ನಲ್ಲಿ ಹೊಸದಾಗಿ ಪಾರ್ಟಿಷನ್ (ಸಿ, ಡಿ ಎಂದು ಬೇರೆ ಬೇರೆಯಾಗಿ ಕಾಣುವ ಭಾಗ) ಮಾಡುವ, ಇರುವ ಪಾರ್ಟಿಷನ್‌ಗಳನ್ನು ಹಿಗ್ಗಿಸುವ ಅಥವಾ ಕುಗ್ಗಿಸುವ ಕೆಲಸವನ್ನು ಬರುವ ಜೂನ್ 1ರಿಂದ ನಾವು ಬೇರೆ ಕ್ರಮದಲ್ಲಿ ಮಾಡಲಿದ್ದೇವೆ. ಡಿಸ್ಕ್‌ನಲ್ಲಿರುವುದನ್ನೆಲ್ಲ ಮೊದಲು ಇನ್ನೊಂದು ಡಿಸ್ಕ್‌ಗೆ ಪ್ರತಿ ಮಾಡಿಕೊಂಡು, ಆ ಪ್ರತಿಯಲ್ಲಿನ ಫೈಲುಗಳು ತೆರೆದುಕೊಳ್ಳುತ್ತವೆಯೇ ಎಂದು ನೋಡಿ ಖಾತ್ರಿಯಾದ ಮೇಲೆಯೇ ಪಾರ್ಟಿಷನ್‌ಗೆ ಕೈ ಹಾಕುತ್ತೇವೆ. ಆದ್ದರಿಂದ ನೀವು ಅಂಗಡಿಯಲ್ಲಿ ಕಾದು ಕುಳಿತಿರುವಾಗಲೇ ಈ ಕೆಲಸ ಮುಗಿಯುವುದು ಇನ್ನು ಸಾಧ್ಯವಿಲ್ಲ. ಯಂತ್ರವನ್ನು ಒಂದೆರಡು ದಿನ ನಮ್ಮಲ್ಲಿ ಬಿಟ್ಟುಹೋಗಬೇಕಾಗುತ್ತದೆ. ಮನೆಗೆ, ಕಚೇರಿಗೆ ಬಂದು ಮಾಡಿಕೊಡುತ್ತಿದ್ದ ವ್ಯವಸ್ಥೆಯನ್ನೂ ಈ ಒಂದು ಕೆಲಸದ ಮಟ್ಟಿಗೆ ನಿಲ್ಲಿಸುತ್ತಿದ್ದೇವೆ. ಇದರಿಂದ ನಿಮಗೆ ಸ್ವಲ್ಪ ತೊಂದರೆಯಾಗುತ್ತದೆಂಬ ಅರಿವು ನಮಗಿದೆ. ಆದರೂ ಈ ನಿರ್ಧಾರಕ್ಕೆ ಬಂದ ಕಾರಣವನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯವೆಂದು ಈ ಪತ್ರ ಬರೆಯುತ್ತಿದ್ದೇವೆ.

ತಿರುಗುವ ತಟ್ಟೆಗಳಿದ್ದ ಹಳೆಯ ಹಾರ್ಡ್ ಡಿಸ್ಕ್‌ಗಳ ಕಾಲದಲ್ಲಿ ಪಾರ್ಟಿಷನ್ ಅಳಿಸಿಹೋದರೆ ಕಳೆದುಹೋಗುತ್ತಿದ್ದದ್ದು, ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿಟ್ಟ ಪಟ್ಟಿ ಮಾತ್ರ. ಒಳಗಿನ ಫೈಲುಗಳು ಇದ್ದ ಜಾಗದಲ್ಲೇ ಇರುತ್ತಿದ್ದವು. ಅವುಗಳ ಮೇಲೆ ಬೇರೇನೂ ಬರೆಯದಿದ್ದರೆ ಟೆಸ್ಟ್‌ಡಿಸ್ಕ್‌ನಂಥ ಉಚಿತ ತಂತ್ರಾಂಶದಿಂದಲೇ ಪಟ್ಟಿಯನ್ನು ಮತ್ತೆ ಕಟ್ಟಿ ಎಲ್ಲವನ್ನೂ ಮರಳಿ ಪಡೆಯಬಹುದಿತ್ತು. ಈಗ ಬರುವ ಬಹುತೇಕ ಯಂತ್ರಗಳಲ್ಲಿರುವುದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಗಳಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಡಿಸ್ಕ್. ಅದರಲ್ಲಿ ಒಂದು ಪಾರ್ಟಿಷನ್ ಫಾರ್ಮ್ಯಾಟ್ ಆದೊಡನೆ, ಈ ಜಾಗ ಇನ್ನು ಬೇಕಿಲ್ಲ ಎಂಬ ಸೂಚನೆಯನ್ನು ವಿಂಡೋಸ್ ಡಿಸ್ಕ್‌ಗೆ ರವಾನಿಸುತ್ತದೆ. ಇದಕ್ಕೆ ಟ್ರಿಮ್ ಎನ್ನುತ್ತಾರೆ. ಡಿಸ್ಕ್ ತನ್ನ ಪಾಡಿಗೆ ಆ ಜಾಗವನ್ನು ಖಾಲಿ ಮಾಡಿಕೊಳ್ಳುತ್ತದೆ. ಆಮೇಲೆ ಎಷ್ಟೇ ನುರಿತವರು ಹುಡುಕಿದರೂ ಸಿಗುವುದು ಬರೀ ಸೊನ್ನೆಗಳು. ಡಿಸ್ಕ್‌ನ ವೇಗ ಉಳಿಯಬೇಕಾದರೆ ಟ್ರಿಮ್ ಬೇಕು, ಅದನ್ನು ದೂರುವಂತಿಲ್ಲ. ಆದರೆ ಅದರಿಂದಾಗಿ, ಹಿಂದೆ ತಿದ್ದಬಹುದಾಗಿದ್ದ ತಪ್ಪು ಈಗ ತಿದ್ದಲಾಗದ ತಪ್ಪಾಗಿದೆ.

ಇದರ ಜೊತೆಗೆ, ಕೀ ಇಲ್ಲದವರಿಗೆ ಡಿಸ್ಕ್ ಓದಲು ಬಾರದಂತೆ ಮಾಡುವ ವಿಂಡೋಸ್‌ನ ಬಿಟ್‌ಲಾಕರ್ ಗೂಢಲಿಪೀಕರಣ ಬಂದಿದೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದೀಚೆಗೆ, ಹೊಸದಾಗಿ ಇನ್‌ಸ್ಟಾಲ್ ಮಾಡಿದ ಯಂತ್ರಕ್ಕೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಸಾಮಾನ್ಯವಾಗಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಬದಲಾಗುತ್ತದೆ. ಹೀಗಾಗಿದೆಯೆಂದು ಬಹಳ ಮಂದಿಗೆ ತಿಳಿದೇ ಇರುವುದಿಲ್ಲ, ಏಕೆಂದರೆ ದಿನನಿತ್ಯದ ಬಳಕೆಯಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಬೂಟ್ ಆಗುವ ಕ್ರಮದಲ್ಲೋ ಪಾರ್ಟಿಷನ್‌ಗಳ ಹಂಚಿಕೆಯಲ್ಲೋ ಬದಲಾವಣೆಯಾದಾಗ ಮಾತ್ರ ನೀಲಿ ಪರದೆಯೊಂದು ಬಂದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಇಲ್ಲದಿದ್ದರೆ ಡಿಸ್ಕ್ ಆರೋಗ್ಯವಾಗಿದ್ದರೂ ಒಳಗಿರುವುದನ್ನು ನಾವಾಗಲಿ, ಯಂತ್ರ ತಯಾರಿಸಿದವರಾಗಲಿ ತೆರೆಯಲು ಬರುವುದಿಲ್ಲ. ಕೀ ಸಾಮಾನ್ಯವಾಗಿ ಇರುವುದು ಲಾಗಿನ್ ಆದ ಮೈಕ್ರೋಸಾಫ್ಟ್ ಖಾತೆಯಲ್ಲಿ. ಯಂತ್ರ ಕೊಳ್ಳುವಾಗ ಯಾರೋ ಅವಸರದಲ್ಲಿ ತೆರೆದುಕೊಟ್ಟ ಇಮೇಲ್ ವಿಳಾಸ ಈಗ ಯಾರಿಗೂ ನೆನಪಿಲ್ಲದಿದ್ದರೆ ಪರಿಸ್ಥಿತಿ ಬಹಳ ಕಷ್ಟದ್ದಾಗುತ್ತದೆ. ಆದುದರಿಂದ ಕೀ ನಿಮ್ಮ ಕೈಯಲ್ಲಿದೆಯೆಂದು ನೋಡಿಕೊಂಡು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿದ ನಂತರವೇ ಮುಂದಿನ ಕೆಲಸ ಎತ್ತಿಕೊಳ್ಳುತ್ತೇವೆ.

ನಮ್ಮಲ್ಲಿಗೆ ಹೆಚ್ಚಾಗಿ ಬರುವ ಕೋರಿಕೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒಂದು ಫೋಟೋ ಸ್ಟುಡಿಯೋದ ಕಂಪ್ಯೂಟರ್. 256 ಜಿಬಿಯ ಎಸ್‌ಎಸ್‌ಡಿ. ವಿಂಡೋಸ್ ಲೆಕ್ಕ ಹಾಕುವ ರೀತಿಯಿಂದಾಗಿ ಅದು ಪರದೆಯ ಮೇಲೆ 238 ಜಿಬಿ ಎಂದೇ ಕಾಣುತ್ತದೆ. ಕೊಂಡಾಗ ಅದನ್ನು ಸಿ ಡ್ರೈವ್‌ಗೆ 100, ಡಿ ಡ್ರೈವ್‌ಗೆ ಉಳಿದದ್ದು ಎಂದು ಹಂಚಿದ್ದಾರೆ. ವಿಂಡೋಸ್, ಅದರ ಅಪ್‌ಡೇಟ್‌ಗಳು, ಫೋಟೋಶಾಪ್, ಅದರ ತಾತ್ಕಾಲಿಕ ಫೈಲುಗಳು, ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಎಲ್ಲ ಸೇರಿ ಸಿ ಡ್ರೈವ್ ಬಹುತೇಕ ತುಂಬಿ, ಅದನ್ನು ತೋರಿಸುವ ಪಟ್ಟಿ ಕೆಂಪಾಗಿದೆ. ಡಿ ಡ್ರೈವ್‌ನಲ್ಲಿ ಮದುವೆ ಫೋಟೋಗಳು 60 ಜಿಬಿ ಇದ್ದು ಉಳಿದ ಜಾಗ ಖಾಲಿ ಬಿದ್ದಿದೆ. ಡಿಯಿಂದ 40 ಜಿಬಿ ತೆಗೆದು ಸಿಗೆ ಸೇರಿಸಿ ಎನ್ನುವುದು ಕೋರಿಕೆ. ಕೇಳಲು ಇದು ಸುಲಭ. ಆದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿ ಡ್ರೈವನ್ನು ಕುಗ್ಗಿಸಿದರೆ ಖಾಲಿ ಜಾಗ ಉಂಟಾಗುವುದು ಡಿಯ ಬಲ ತುದಿಯಲ್ಲಿ, ಸಿ ಹಿಗ್ಗಬೇಕಾದರೆ ಖಾಲಿ ಜಾಗ ಇರಬೇಕಾದದ್ದು ಸಿಯ ಬಲಮಗ್ಗುಲಿಗೇ ಅಂಟಿಕೊಂಡು. ನಡುವೆ ಡಿ ಕುಳಿತಿರುವುದರಿಂದ ಎಕ್ಸ್‌ಟೆಂಡ್ ವಾಲ್ಯೂಮ್ ಎಂಬ ಸಾಲು ಮಸುಕಾಗಿ ಕಾಣುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ.

ಇಲ್ಲಿ ಎರಡು ದಾರಿಗಳಿವೆ. ಜಿಪಾರ್ಟೆಡ್‌ನಂಥ ತಂತ್ರಾಂಶದಿಂದ ಡಿ ಡ್ರೈವ್‌ನ ಆರಂಭವನ್ನೇ ಬಲಕ್ಕೆ ಸರಿಸುವುದು ಒಂದು. ತೋಟದ ಎರಡು ಹಿಸ್ಸೆಗಳ ನಡುವಿನ ಬೇಲಿಯನ್ನು ಸರಿಸುವಾಗ ಆ ಪಟ್ಟಿಯಲ್ಲಿರುವ ಗಿಡಗಳನ್ನೆಲ್ಲ ಕಿತ್ತು ಆಚೆ ನೆಡಬೇಕಾಗುವ ಹಾಗೆ, ಇಲ್ಲಿ ಡಿಯೊಳಗಿನದ್ದೆಲ್ಲವನ್ನೂ ತುಣುಕು ತುಣುಕಾಗಿ ಹೊಸ ಜಾಗಕ್ಕೆ ಬರೆಯಬೇಕಾಗುತ್ತದೆ. ದೊಡ್ಡ ಹಾರ್ಡ್ ಡಿಸ್ಕ್ ಆದರೆ ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋದರೆ ಅರ್ಧ ಹಳೆಯ ಜಾಗದಲ್ಲಿ, ಅರ್ಧ ಹೊಸ ಜಾಗದಲ್ಲಿ ಉಳಿದು ಎರಡೂ ಓದಲು ಬಾರದಂತಾಗುವ ಅಪಾಯವಿದೆ. ಎರಡನೆಯ ದಾರಿಯಲ್ಲಿ ಡಿ ಡ್ರೈವ್‌ನ ಪೂರ್ತಿ ಪ್ರತಿಯನ್ನು ಬೇರೆ ಡಿಸ್ಕ್‌ಗೆ ತೆಗೆದು, ಪರೀಕ್ಷಿಸಿ, ಡಿಯನ್ನು ಅಳಿಸಿ, ಸಿಯನ್ನು ಹಿಗ್ಗಿಸಿ, ಉಳಿದ ಜಾಗದಲ್ಲಿ ಹೊಸ ಡಿ ಮಾಡಿ ಫೋಟೋಗಳನ್ನು ಮರಳಿ ತುಂಬುತ್ತೇವೆ. ಪ್ರತಿ ಹೇಗೂ ಬೇಕೆಂದಾದ ಮೇಲೆ ಸರಿಸುವ ಸಾಹಸ ಏಕೆ? ಎರಡನೆಯದೇ ಸರಳ, ಅದೇ ಸುರಕ್ಷಿತ. ಇನ್ನು ಮುಂದೆ ನಾವು ಅನುಸರಿಸುವುದು ಈ ದಾರಿಯನ್ನೇ.

ಸಿ ಮತ್ತು ಡಿಗಳ ನಡುವೆ ಕಣ್ಣಿಗೆ ಕಾಣದ ಇನ್ನೊಂದು ಭಾಗವೂ ಎಷ್ಟೋ ಯಂತ್ರಗಳಲ್ಲಿರುತ್ತದೆ. ವಿಂಡೋಸ್ ಕೆಟ್ಟಾಗ ದುರಸ್ತಿಗೆ ನೆರವಾಗುವ ರಿಕವರಿ ಪಾರ್ಟಿಷನ್ ಅದು. ಅಡ್ಡ ಬರುತ್ತದೆಂದು ಅದನ್ನು ಅಳಿಸಿಬಿಡುವುದು ಅಲ್ಲಲ್ಲಿ ನಡೆಯುತ್ತದೆ. ನಾವು ಹಾಗೆ ಮಾಡುವುದಿಲ್ಲ. ಅದು ತೀರಾ ಚಿಕ್ಕದಾಗಿದ್ದರೂ ತೊಂದರೆಯೇ: 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ವಿಂಡೋಸ್ 10ರ ಒಂದು ಭದ್ರತಾ ಅಪ್‌ಡೇಟ್, ಈ ಪಾರ್ಟಿಷನ್‌ನಲ್ಲಿ ಜಾಗ ಸಾಲದ ಯಂತ್ರಗಳಲ್ಲೆಲ್ಲ ವಿಫಲವಾಗಿ, ಅದಕ್ಕೆ 250 ಎಂಬಿ ಜಾಗ ಸೇರಿಸಿಕೊಳ್ಳುವಂತೆ ಕಂಪನಿಯೇ ಬಳಕೆದಾರರಿಗೆ ಸೂಚಿಸಬೇಕಾಗಿ ಬಂದಿತ್ತು. ಸಿ ಡ್ರೈವ್ ಹಿಗ್ಗಿಸಿದ ನಂತರ ರಿಕವರಿ ಪಾರ್ಟಿಷನ್ನನ್ನು ಅದರ ಬಲಕ್ಕೆ ಸಾಕಷ್ಟು ಜಾಗ ಕೊಟ್ಟು ಮತ್ತೆ ಸ್ಥಾಪಿಸಿ, ಅದು ಚಾಲನೆಯಲ್ಲಿದೆಯೆಂದು ತೋರಿಸಿಯೇ ಯಂತ್ರವನ್ನು ನಿಮಗೆ ಒಪ್ಪಿಸುತ್ತೇವೆ.

ಕುಗ್ಗಿಸುವ ವಿಷಯದಲ್ಲಿ ಗ್ರಾಹಕರು ಆಗಾಗ ಕೇಳುವ ಪ್ರಶ್ನೆಯೊಂದಿದೆ: ಸಿ ಡ್ರೈವ್‌ನಲ್ಲಿ ಬೇಕಾದಷ್ಟು ಜಾಗ ಖಾಲಿಯಿದ್ದರೂ ವಿಂಡೋಸ್ ಸ್ವಲ್ಪವೇ ಕುಗ್ಗಿಸಲು ಬಿಡುತ್ತದೆ, ಏಕೆ? ಹೈಬರ್ನೇಶನ್ ಫೈಲು, ಪೇಜ್ ಫೈಲು, ಸಿಸ್ಟಮ್ ರಿಸ್ಟೋರ್‌ನ ಪ್ರತಿಗಳಂಥ ಕೆಲವು ಫೈಲುಗಳನ್ನು ವಿಂಡೋಸ್ ಚಾಲನೆಯಲ್ಲಿರುವಾಗ ಜರುಗಿಸಲು ಬರುವುದಿಲ್ಲ. ಅವುಗಳಲ್ಲೊಂದು ಡ್ರೈವ್‌ನ ಕೊನೆಯ ಕಡೆಗೆ ಕುಳಿತಿದ್ದರೂ ಕುಗ್ಗಿಸುವ ಮಿತಿ ಅಲ್ಲಿಗೇ ನಿಲ್ಲುತ್ತದೆ. ಅವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಕುಗ್ಗಿಸಿ, ಮತ್ತೆ ಮೊದಲಿನಂತೆ ಚಾಲೂ ಮಾಡುತ್ತೇವೆ. ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಬೇಕೆಂದು ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಮಾತು: ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಮಾಡಿದ ಮೇಲೂ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ, ಆ ಸ್ಥಿತಿಯಲ್ಲಿ ಲಿನಕ್ಸ್ ಕಡೆಯಿಂದ ಅದರ ಪಾರ್ಟಿಷನ್ ಮುಟ್ಟುವುದು ಸಲ್ಲದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ನಂತರ, ವಿಂಡೋಸ್ 11 ಹಾಕಿಸಿಕೊಳ್ಳಲು ಬರುವವರಿದ್ದಾರೆ. ಅದು ಯುಇಎಫ್‌ಐ (ಯಂತ್ರ ಆನ್ ಆದೊಡನೆ ವಿಂಡೋಸನ್ನು ಎಬ್ಬಿಸುವ ಹೊಸ ಬಗೆಯ ಒಳತಂತ್ರಾಂಶ) ಇರುವ ಯಂತ್ರವನ್ನೇ ಕೇಳುತ್ತದೆ, ಆ ರೀತಿ ವಿಂಡೋಸ್ ಬೂಟ್ ಆಗಬೇಕಾದರೆ ಡಿಸ್ಕ್‌ನ ಪಾರ್ಟಿಷನ್ ಪಟ್ಟಿ ಹೊಸ ಮಾದರಿಯದಾಗಿರಬೇಕು. ಹಳೆಯ ಡಿಸ್ಕ್‌ಗಳ ಪಾರ್ಟಿಷನ್ ಪಟ್ಟಿ ಎಂಬಿಆರ್ ಎಂಬ, 1983ರಷ್ಟು ಹಿಂದಿನ ಮಾದರಿಯದು. ಅದರಲ್ಲಿ ಮುಖ್ಯ ಪಾರ್ಟಿಷನ್‌ಗಳು ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ, 2 ಟಿಬಿಗಿಂತ ಆಚೆಗಿನ ಜಾಗ ಸಾಮಾನ್ಯವಾಗಿ ಬಳಕೆಗೆ ಬರುವುದಿಲ್ಲ, ಪಟ್ಟಿಯ ಎರಡನೆಯ ಪ್ರತಿಯೂ ಇಲ್ಲ. ಜಿಪಿಟಿ ಎಂಬ ಹೊಸ ಮಾದರಿಯಲ್ಲಿ ವಿಂಡೋಸ್ 128 ಪಾರ್ಟಿಷನ್‌ಗಳವರೆಗೆ ಅವಕಾಶ ಕೊಡುತ್ತದೆ, ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕ್‌ನ ಕೊನೆಯಲ್ಲಿರುತ್ತದೆ. ಫೈಲುಗಳನ್ನು ಅಳಿಸದೆ ಒಂದರಿಂದ ಇನ್ನೊಂದಕ್ಕೆ ಬದಲಿಸುವ ಸಾಧನವನ್ನು ವಿಂಡೋಸ್ 10ರಲ್ಲೇ 2017ರಿಂದ ಕೊಟ್ಟಿದ್ದಾರೆ, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ನಾಲ್ಕೂ ಮುಖ್ಯ ಪಾರ್ಟಿಷನ್‌ಗಳು ತುಂಬಿದ್ದರೆ ಅದು ಒಪ್ಪುವುದಿಲ್ಲ. ಒಂದನ್ನು ಮೊದಲು ತೆರವು ಮಾಡಬೇಕು. ಪ್ರೊಸೆಸರ್ ಮತ್ತು ಟಿಪಿಎಂ ಎಂಬ ಭದ್ರತಾ ಚಿಪ್ ವಿಂಡೋಸ್ 11ಕ್ಕೆ ಒಗ್ಗುತ್ತವೆಯೇ ಎಂಬುದನ್ನು ಮೊದಲು ನೋಡುತ್ತೇವೆ. ಒಗ್ಗದಿದ್ದರೆ ಪಾರ್ಟಿಷನ್ ಬದಲಿಸುವ ಖರ್ಚನ್ನು ನಿಮ್ಮ ಮೇಲೆ ಹೇರುವುದಿಲ್ಲ.

ಹೊಸ ಯಂತ್ರ ಕೊಳ್ಳುವವರಿಗೂ ಒಂದು ಬದಲಾವಣೆಯಿದೆ. 256 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಎಸ್‌ಎಸ್‌ಡಿ ಒಂದೇ ಇದ್ದರೆ, ನೀವು ಕೇಳದ ಹೊರತು ಅದನ್ನು ಸಿ, ಡಿ ಎಂದು ಒಡೆಯುವುದಿಲ್ಲ. 512 ಜಿಬಿಯಾದರೆ ಸಿಗೆ ಕನಿಷ್ಠ 200 ಜಿಬಿ ಉಳಿಸಿ ಒಡೆಯಬಹುದು. ವಿಂಡೋಸ್ ಮತ್ತೆ ಹಾಕುವಾಗ ಡಿ ಡ್ರೈವ್ ಹಾಗೆಯೇ ಉಳಿಯುತ್ತದೆಂಬ ಅನುಕೂಲ ನಿಜವೇ. ಆದರೆ ಡಿಯಲ್ಲಿಟ್ಟದ್ದು ಬ್ಯಾಕಪ್ ಎಂದು ತಿಳಿದಿರುವವರು ಬಹಳ. ಸಿ ಮತ್ತು ಡಿ ಇರುವುದು ಒಂದೇ ಡಿಸ್ಕ್‌ನಲ್ಲಿ, ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ಡೆಸ್ಕ್‌ಟಾಪ್ ಮೇಲೆ ಇಟ್ಟ ನುಡಿ ಕಡತಗಳಾಗಲಿ, ಡಾಕ್ಯುಮೆಂಟ್ಸ್ ಫೋಲ್ಡರ್ ಆಗಲಿ ಇರುವುದು ಸಾಮಾನ್ಯವಾಗಿ ಸಿಯಲ್ಲೇ. ಟ್ಯಾಲಿಯ ಲೆಕ್ಕಪತ್ರಗಳೂ ಜಾಗ ಬದಲಿಸದಿದ್ದರೆ ಹೆಚ್ಚಾಗಿ ಅಲ್ಲೇ ಇರುತ್ತವೆ. ಸಹಕಾರ ಸಂಘಗಳು, ಮಂಡಿ ವ್ಯಾಪಾರಸ್ಥರು ದಯವಿಟ್ಟು ಇದನ್ನು ಒಮ್ಮೆ ನೋಡಿಕೊಳ್ಳಬೇಕೆಂದು ಕೋರುತ್ತೇವೆ.

ಸ್ಥಳಕ್ಕೆ ಬಂದು ಮಾಡುವುದನ್ನು ನಿಲ್ಲಿಸಿದ ಕಾರಣ ಮಲೆನಾಡಿನಲ್ಲಿರುವ ನಿಮಗೆ ಬೇರೆ ಹೇಳಬೇಕಿಲ್ಲ. ಜೂನ್‌ನಿಂದ ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಮನೆಗಳಲ್ಲಿರುವ ಚಿಕ್ಕ ಯುಪಿಎಸ್ ಕಂಪ್ಯೂಟರನ್ನು ಸರಿಯಾಗಿ ಮುಚ್ಚುವಷ್ಟು ಹೊತ್ತು ಸಾಕಾಗುತ್ತದೆಯೇ ಹೊರತು ಇಡೀ ಡಿಸ್ಕ್‌ನ ಪ್ರತಿ ಮುಗಿಯುವವರೆಗೆ ಅಲ್ಲ. ನಮ್ಮಲ್ಲಿ ಇನ್ವರ್ಟರ್ ಜೊತೆ ಯುಪಿಎಸ್ ಇದೆ.

ಪ್ರತಿ ತೆಗೆಯುವ ಮೊದಲು ಡಿಸ್ಕ್‌ನ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆ ನೋಡುತ್ತೇವೆ. ಕೆಟ್ಟ ಸೆಕ್ಟರ್‌ಗಳ ಸಂಖ್ಯೆ ಏರುತ್ತಿದ್ದರೆ ಪಾರ್ಟಿಷನ್ ಕೆಲಸಕ್ಕೆ ಒಪ್ಪುವುದಿಲ್ಲ. ಇರುವುದನ್ನು ಉಳಿಸಿ ಹೊಸ ಡಿಸ್ಕ್‌ಗೆ ಸಾಗಿಸುವುದೊಂದೇ ಆಗ ಸರಿಯಾದ ಕೆಲಸ. ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಸದ್ದು ಕೇಳುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಿ ನೋಡದೆ, ಆಫ್ ಮಾಡಿ ತನ್ನಿ.

ಪಾರ್ಟಿಷನ್ ಕೆಲಸದ ದರ ಹಿಂದಿನದೇ. ನೀವೇ ಸಾಕಷ್ಟು ಖಾಲಿ ಜಾಗವಿರುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದರೆ ಪ್ರತಿ ತೆಗೆಯುವುದಕ್ಕೆ ಶುಲ್ಕವಿಲ್ಲ, ಪ್ರತಿಯೂ ನಿಮ್ಮಲ್ಲೇ ಉಳಿಯುತ್ತದೆ. ನಮ್ಮ ಸಲಹೆಯೂ ಅದೇ. ಪೆನ್ ಡ್ರೈವ್ ಸಾಲದು, ಏಕೆಂದರೆ ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಆದವುಗಳಲ್ಲಿ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಒಂದೇ ಫೈಲು ಹಿಡಿಯುವುದಿಲ್ಲ. ನಮ್ಮ ಡಿಸ್ಕ್ ಬಳಸಬೇಕಾದರೆ 500 ಜಿಬಿವರೆಗೆ 400 ರೂಪಾಯಿ, ಅದಕ್ಕೂ ಮೇಲ್ಪಟ್ಟರೆ 700 ರೂಪಾಯಿ ಆಗುತ್ತದೆ. ಹಾಗೆ ತೆಗೆದ ಪ್ರತಿಯನ್ನು ಪಾಸ್‌ವರ್ಡ್‌ನಿಂದ ಮುಚ್ಚಿಟ್ಟು, ನೀವು ಯಂತ್ರ ಒಯ್ದು 15 ದಿನಗಳಾದ ಮೇಲೆ ಅಳಿಸುತ್ತೇವೆ. ಅಷ್ಟರೊಳಗೆ ಯಾವುದಾದರೂ ಫೈಲು ಕಾಣುತ್ತಿಲ್ಲವೆನಿಸಿದರೆ ತಿಳಿಸಿ, ಹುಡುಕಿ ಕೊಡುತ್ತೇವೆ. ಪ್ರತಿ ಪರೀಕ್ಷಿಸುವಾಗ ನೀವು ಆರಿಸಿದ ಕೆಲವು ಫೈಲುಗಳನ್ನು ಮಾತ್ರ, ಸಾಧ್ಯವಾದರೆ ನಿಮ್ಮ ಎದುರಿನಲ್ಲೇ ತೆರೆಯುತ್ತೇವೆ.

ಬರುವಾಗ ಲ್ಯಾಪ್‌ಟಾಪ್ ಜೊತೆಗೆ ಅದರ ಚಾರ್ಜರನ್ನೂ ತನ್ನಿ. ಮೈಕ್ರೋಸಾಫ್ಟ್ ಖಾತೆಯ ಇಮೇಲ್ ವಿಳಾಸ ಮತ್ತು ಪಾಸ್‌ವರ್ಡ್ ಗೊತ್ತಿರುವವರನ್ನೂ ಕರೆತನ್ನಿ ಅಥವಾ 48 ಅಂಕಿಗಳ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದು ತನ್ನಿ. ಕೀ ಎಲ್ಲಿದೆಯೆಂದು ಹುಡುಕಲು ತಿಳಿಯದಿದ್ದರೆ ಕೌಂಟರ್‌ನಲ್ಲಿ ಉಚಿತವಾಗಿ ನೆರವಾಗುತ್ತೇವೆ. ಅದಕ್ಕೆ ಯಂತ್ರ ಬಿಡಬೇಕಿಲ್ಲ. ಮೇ 31ರೊಳಗೆ ಈಗಾಗಲೇ ದಿನ ಗೊತ್ತುಮಾಡಿಕೊಂಡವರಿಗೂ ಪ್ರತಿ ತೆಗೆಯುವ ಕ್ರಮ ಅನ್ವಯಿಸುತ್ತದೆ, ಆದರೆ ಅದಕ್ಕೆ ಅವರಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ.

ಇತಿ ತಮ್ಮ ವಿಶ್ವಾಸಿಗಳು,
ಕಂಪ್ಯೂಟರ್ ಸೇವಾ ವಿಭಾಗದ ಸಿಬ್ಬಂದಿ