ಅಣು ಸ್ಥಾವರಗಳ ಪಟ್ಟಿ ವಿನಿಮಯ ನಿಲ್ಲದಿರಲಿ

ಮಾನ್ಯ ಸಂಪಾದಕರೇ,

2025ರ ಏಪ್ರಿಲ್‌ನಲ್ಲಿ ಭಾರತವು ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿಟ್ಟು, ಶಿಮ್ಲಾ ಒಪ್ಪಂದವನ್ನೂ ಬದಿಗಿಡುವ ಹಕ್ಕು ತನಗಿದೆಯೆಂದು ಪಾಕಿಸ್ತಾನ ಹೇಳಿದ ಮೇಲೆ, ಉಭಯ ದೇಶಗಳ ಒಪ್ಪಂದಗಳಿಗೆ ಬೆಲೆಯೇ ಇಲ್ಲವೆಂಬ ಮಾತು ಹೆಚ್ಚಾಗಿದೆ. ಇದು ಪೂರ್ತಿ ನಿಜವಲ್ಲ.

ರಾಜೀವ್ ಗಾಂಧಿ ಮತ್ತು ಬೆನಜೀರ್ ಭುಟ್ಟೊ ಪ್ರಧಾನಿಗಳಾಗಿದ್ದಾಗ, 1988ರ ಡಿಸೆಂಬರ್ 31ರಂದು ಇಸ್ಲಾಮಾಬಾದ್‌ನಲ್ಲಿ ಸಹಿಯಾದ ಒಪ್ಪಂದವು ಪರಸ್ಪರರ ಅಣು ಸ್ಥಾವರಗಳ ಮೇಲಿನ ದಾಳಿಯನ್ನು ನಿಷೇಧಿಸುತ್ತದೆ. 1991ರಲ್ಲಿ ಜಾರಿಗೆ ಬಂದ ಅದರಂತೆ, 1992ರಿಂದ ಪ್ರತಿ ಜನವರಿ 1ರಂದು ಎರಡೂ ಸರ್ಕಾರಗಳು ತಮ್ಮ ಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತಾ ಬಂದಿವೆ. ಕಾರ್ಗಿಲ್ ಯುದ್ಧದ ಮರುವರ್ಷವಾಗಲಿ, ಸಂಸತ್ತಿನ ಮೇಲಿನ ದಾಳಿಯ ಬಳಿಕ ಸೇನೆಗಳು ಗಡಿಯಲ್ಲಿ ಎದುರುಬದುರಾಗಿ ನಿಂತಿದ್ದ 2002ರ ಆರಂಭದಲ್ಲಾಗಲಿ ಈ ಪರಿಪಾಠ ತಪ್ಪಲಿಲ್ಲ. ಪಟ್ಟಿ ಪೂರ್ಣವಾಗಿದೆಯೇ ಎಂದು ಪರಿಶೀಲಿಸುವ ವ್ಯವಸ್ಥೆ ಇದರಲ್ಲಿಲ್ಲ ಎಂಬ ಆಕ್ಷೇಪ ಸರಿಯೇ. ಆದರೂ, ಕೈಗಾವನ್ನು ಮಗ್ಗುಲಲ್ಲೇ ಇಟ್ಟುಕೊಂಡಿರುವ ನಮ್ಮ ಜಿಲ್ಲೆಯವರಿಗೆ ಇಷ್ಟಾದರೂ ಇದೆಯೆಂಬುದು ಸಣ್ಣ ಸಮಾಧಾನವಲ್ಲ.

ಅಣೆಕಟ್ಟುಗಳಿಗೆ ಮಾತ್ರ ಇಂಥ ರಕ್ಷಣೆ ಇಲ್ಲ. ಅವುಗಳ ಮೇಲಿನ ದಾಳಿಯನ್ನು ತಡೆಯುವ 1977ರ ಜಿನೀವಾ ಹೆಚ್ಚುವರಿ ಪ್ರೋಟೊಕಾಲನ್ನು ಎರಡೂ ದೇಶಗಳು ಅನುಮೋದಿಸಿಲ್ಲ. ಮಾತುಕತೆ ಮತ್ತೆ ಆರಂಭವಾಗುವುದಾದರೆ, 1988ರ ಒಪ್ಪಂದದ ವ್ಯಾಪ್ತಿಗೆ ದೊಡ್ಡ ಜಲಾಶಯಗಳನ್ನೂ ಸೇರಿಸುವ ಪ್ರಸ್ತಾಪವನ್ನು ನಮ್ಮ ವಿದೇಶಾಂಗ ಸಚಿವಾಲಯವೇ ಮುಂದಿಡಬೇಕು.

– ಓದುಗ, ಕಾರವಾರ