ಫೋನ್ ಪರದೆ ನೋಡಿ ಸಾಮಾನು ಕೊಡಬೇಡಿ

ಎಲ್ಲ ಅಂಗಡಿಯವರಿಗೂ ನಮಸ್ಕಾರ. ನಿನ್ನೆ ಸಂಜೆ ನಮ್ಮಲ್ಲಿ ತುಂಬಾ ರಶ್ ಇತ್ತು. ಒಬ್ಬ ಹುಡುಗ ಎಣ್ಣೆ, ಬೇಳೆ ತಗೊಂಡು ಫೋನ್ ಎತ್ತಿ ಹಸಿರು ಟಿಕ್ ತೋರಿಸಿದ. ಸೌಂಡ್ ಬಾಕ್ಸ್ ಮಾತಾಡಲಿಲ್ಲ. 'ನೆಟ್‌ವರ್ಕ್ ಇಲ್ಲ ಅಣ್ಣ, ಆಮೇಲೆ ಬರುತ್ತೆ' ಅಂದ. ಗಡಿಬಿಡಿಯಲ್ಲಿ ಹೂಂ ಅಂದೆ. 640 ರೂಪಾಯಿ ಇನ್ನೂ ಬಂದಿಲ್ಲ. ಇಂಥ ಪರದೆ ತೋರಿಸೋ ನಕಲಿ ಆ್ಯಪ್‌ಗಳೇ ಇವೆ. ಬಾಕ್ಸ್ ಹೇಳಬೇಕು, ಇಲ್ಲವೇ ನಮ್ಮ ಖಾತೆಯಲ್ಲಿ ಕಾಣಬೇಕು. ಗಿರಾಕಿಗೆ ಬೇಜಾರಾದರೂ ಒಂದು ನಿಮಿಷ ನಿಲ್ಲಿಸಿ.

ಹಾಗಂತ ಎಲ್ಲರ ಮೇಲೂ ಅನುಮಾನ ಬೇಡ. ಒಮ್ಮೊಮ್ಮೆ ಅವರ ಖಾತೆಯಿಂದ ನಿಜವಾಗಿಯೂ ಹಣ ಹೋಗಿರುತ್ತೆ, ನಮಗೆ ಬಂದಿರಲ್ಲ. ಅಂಗಡಿಗೆ ಮಾಡಿದ ಯುಪಿಐ ಪಾವತಿ ಹೀಗೆ ಸಿಕ್ಕಿಕೊಂಡರೆ 5 ದಿನದೊಳಗೆ ಬ್ಯಾಂಕ್ ಅದನ್ನು ಗಿರಾಕಿ ಖಾತೆಗೆ ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ಗಿರಾಕಿಗೂ ತಿಳಿಸಿ. ಪಾಪ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಬೆಳಿಗ್ಗೆ ಶಟರ್ ಎತ್ತಿದ ತಕ್ಷಣ ಕ್ಯೂಆರ್ ಸ್ಟಿಕ್ಕರ್ ಮೇಲೆ ಬೆರಳಾಡಿಸಿ ನೋಡಿ, ಬೇರೆಯದು ಅಂಟಿಸಿರಬಹುದು. ಹಣ ಬರೋದಕ್ಕೆ ಪಿನ್ ಹಾಕೋದು ಬೇಡವೇ ಬೇಡ. ಮೋಸ ಆದರೆ ಸುಮ್ನೆ ಕೂರದೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.